ವರದಿ ಓದಿ ಹೇಳುವ ವೈದ್ಯರು ಬೇಕು

ಮಾನ್ಯ ಸಂಪಾದಕರೇ,

ನನ್ನ ಅಕ್ಕನ ಮಗುವಿಗೆ ಎರಡು ವರ್ಷ ತುಂಬಿದರೂ ಕುತ್ತಿಗೆ ನಿಂತಿರಲಿಲ್ಲ. ಸಾಲ ಮಾಡಿ ಜೀನ್ ಪರೀಕ್ಷೆ ಮಾಡಿಸಿದೆವು. ಒಂಬತ್ತು ಪುಟಗಳ ವರದಿ ಬಂತು. ಅದರಲ್ಲಿ ದಪ್ಪಕ್ಷರದಲ್ಲಿದ್ದ ಒಂದು ಸಾಲು: ‘ಮಹತ್ವ ಅನಿಶ್ಚಿತ’. ಅಂದರೆ, ಕಂಡುಬಂದ ಜೀನ್ ಬದಲಾವಣೆಯೇ ಕಾಯಿಲೆಗೆ ಕಾರಣವೋ ಅಲ್ಲವೋ ಹೇಳಲಾಗದು. ಮುಂದಿನ ಮಗುವಿಗೂ ಹೀಗೇ ಆಗುತ್ತದೆಯೇ ಎಂದು ಅಕ್ಕ ಕೇಳಿದರೆ ಉತ್ತರಿಸುವವರು ನಮ್ಮ ಜಿಲ್ಲೆಯಲ್ಲಿ ಸಿಗಲಿಲ್ಲ.

ಇಂತಹ ವರದಿ ಓದಿ ಹೇಳುವ ತಜ್ಞರನ್ನು ತಯಾರಿಸುವುದು ವೈದ್ಯಕೀಯ ತಳಿವಿಜ್ಞಾನದ (ಜೀನ್ ದೋಷದ ಕಾಯಿಲೆಗಳ ವಿಭಾಗ) ಡಿಎಂ ಎಂಬ ಉನ್ನತ ಕೋರ್ಸು. ಅದಕ್ಕೆ ಸೇರಲು ಎಂಬಿಬಿಎಸ್ ಸಾಲದು. ಮಕ್ಕಳ ವಿಭಾಗ, ಜನರಲ್ ಮೆಡಿಸಿನ್ ಅಥವಾ ಪ್ರಸೂತಿ ವಿಭಾಗದಲ್ಲಿ 3 ವರ್ಷದ ಸ್ನಾತಕೋತ್ತರ ಪದವಿ ಬೇಕು. ಆಮೇಲೆ ನೀಟ್ ಎಸ್‌ಎಸ್ ಎಂಬ ಪ್ರವೇಶ ಪರೀಕ್ಷೆ, ಮತ್ತೆ 3 ವರ್ಷ ಡಿಎಂ. ಎಂಬಿಬಿಎಸ್ ಮತ್ತು ಇಂಟರ್ನ್‌ಶಿಪ್ ಸೇರಿದರೆ ಹನ್ನೊಂದೂವರೆ ವರ್ಷವಾಯಿತು! ಅಮೆರಿಕದಲ್ಲಿ ವೈದ್ಯ ಪದವಿಯ ನಂತರ ಒಂದು ವರ್ಷದ ಆಸ್ಪತ್ರೆ ತರಬೇತಿ ಪಡೆದವರು 2 ವರ್ಷದ ತಳಿವಿಜ್ಞಾನ ತರಬೇತಿಗೆ ಸೇರಬಹುದು, ಅದು ಮುಗಿದ ಮೇಲೆ ತಜ್ಞರಿಗೆ ಮಾನ್ಯತೆ ಕೊಡುವ ಮಂಡಳಿಯ ಪರೀಕ್ಷೆ ಬರೆಯಬಹುದು. ಪಿಎಚ್‌ಡಿ ಮಾಡಿದವರಿಗೂ ಪ್ರಯೋಗಾಲಯ ವಿಭಾಗದಲ್ಲಿ ಪ್ರತ್ಯೇಕ ತರಬೇತಿ, ಪ್ರತ್ಯೇಕ ಮಾನ್ಯತೆ ಇದೆ. ಗುಣಮಟ್ಟ ಸಡಿಲಿಸಿ ಎಂದು ನಾನು ಕೇಳುತ್ತಿಲ್ಲ. ಇಂತಹ ಎರಡನೇ ದಾರಿ ನಮ್ಮಲ್ಲೂ ತೆರೆಯಲಿ ಎನ್ನುತ್ತಿದ್ದೇನೆ.

ಸೋದರಮಾವ, ಅತ್ತೆಯ ಮಗನೊಂದಿಗೆ ಮದುವೆ ಇಂದಿಗೂ ನಡೆಯುವ ನಾಡು ನಮ್ಮದು. ರಕ್ತಸಂಬಂಧಿಗಳಲ್ಲಿ ಒಂದೇ ಜೀನ್ ದೋಷವಿರುವ ಸಾಧ್ಯತೆ ಹೆಚ್ಚು. ತಂದೆ ತಾಯಿ ಇಬ್ಬರೂ ತಮಗೆ ಕಾಯಿಲೆ ಇಲ್ಲದೆಯೇ ಒಂದೇ ಸುಪ್ತ ದೋಷವನ್ನು ಹೊತ್ತಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ 4ರಲ್ಲಿ 1 ಪಾಲು ಅಪಾಯವಿರುತ್ತದೆ. ಇಷ್ಟನ್ನು ನಮಗೆ ತಿಳಿಸಿದ್ದು ಬೆಂಗಳೂರಿನ ವೈದ್ಯರು, ಅದೂ ಮಗು ತೀರಿಕೊಂಡ ಮೇಲೆ. ರಾಜ್ಯದ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಈ ವಿಭಾಗ ತೆರೆದು ಡಿಎಂ ಸೀಟುಗಳನ್ನು ಕೊಡಬೇಕೆಂದು ವೈದ್ಯಕೀಯ ಶಿಕ್ಷಣ ಸಚಿವರಲ್ಲಿ ಕೈಮುಗಿದು ಕೇಳುತ್ತೇನೆ.

– ಓರ್ವ ಓದುಗ, ಹಾವೇರಿ