ಸಚಿವರೇ, ಸೊಪ್ಪಿನ ವೇಷ ಸಾಕು, ಹಾಡಿಯ ಪಾಠ ಬರಲಿ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ನಮಸ್ಕಾರ.

ಶಾಲೆಗಳ ವಾರ್ಷಿಕೋತ್ಸವಕ್ಕೆ ನೀವು ಎಷ್ಟೋ ಸಲ ಹೋಗಿರುತ್ತೀರಿ. ಛದ್ಮವೇಷ ಸ್ಪರ್ಧೆಯಲ್ಲಿ ಒಬ್ಬ 'ಆದಿವಾಸಿ' ಇದ್ದೇ ಇರುತ್ತಾನೆ, ಅಲ್ವಾ? ಸೊಂಟಕ್ಕೆ ಮಾವಿನ ಸೊಪ್ಪು, ಮುಖಕ್ಕೆ ಮಸಿ, ಕೈಯಲ್ಲಿ ಥರ್ಮಾಕೋಲ್ ಈಟಿ. 'ಜಿಂಗಾಲಾಲಾ' ಅಂತ ಮಗು ಕುಣಿಯುತ್ತದೆ, ನಾವು ಚಪ್ಪಾಳೆ ತಟ್ಟುತ್ತೇವೆ. ಮಗುವಿನದೇನೂ ತಪ್ಪಿಲ್ಲ ಬಿಡಿ. ಅದಕ್ಕೆ ನಾವು ಕಲಿಸಿದ್ದೇ ಅಷ್ಟು.

ನಾನು ಮೈಸೂರಿನವಳು. ಇಲ್ಲಿನ ಮಕ್ಕಳಿಗೆ ದಸರಾ ಆನೆಗಳ ಹೆಸರು, ತೂಕ, ಯಾವ ಕ್ಯಾಂಪಿನವು ಅನ್ನೋದೆಲ್ಲ ಬಾಯಿಪಾಠ. ಅಂಬಾರಿ 750 ಕೆ.ಜಿ. ಅಂತಲೂ ಗೊತ್ತು. ಆ ಆನೆಗಳ ಮಾವುತರು, ಅವರ ಸಹಾಯಕರಾದ ಕಾವಾಡಿಗಳಲ್ಲಿ ಎಷ್ಟೋ ಜನ ಜೇನುಕುರುಬ ಆದಿವಾಸಿಗಳು ಅನ್ನೋದು ಮಾತ್ರ ಗೊತ್ತಿಲ್ಲ. ದಸರಾಕ್ಕೆ ತುಂಬ ಮುಂಚೆಯೇ ಆ ಕುಟುಂಬಗಳು ಬಂದು ಅರಮನೆ ಆವರಣದಲ್ಲಿ ಬಿಡಾರ ಹೂಡುತ್ತವೆ. ಅವರ ಮಕ್ಕಳ ಓದು ತಪ್ಪದಿರಲೆಂದು ಅಲ್ಲೇ ಟೆಂಟ್ ಶಾಲೆ ನಡೆಯುತ್ತದೆ. ಒಳ್ಳೆಯ ಕೆಲಸವೇ. ಆದರೆ ಆನೆ ನೋಡಲು ಬಂದ ನಮ್ಮ ಮಕ್ಕಳು ಸೆಲ್ಫಿ ತಗೊಂಡು ಆ ಟೆಂಟಿನ ಪಕ್ಕದಲ್ಲೇ ಸುಮ್ನೆ ಹಾದು ಹೋಗುತ್ತಾರೆ.

ಟೆಂಟಿನಲ್ಲಿ ಕೂತ ಮಕ್ಕಳ ಅಜ್ಜ-ಅಜ್ಜಿಯರಿಗೆ ಏನಾಯಿತು ಅಂತ ನಮ್ಮ ಪಾಠದಲ್ಲಿ ಬರಬೇಕು. ವನ್ಯಜೀವಿ ಉಳಿಸಲು 1972ರಲ್ಲಿ ಕಾಯ್ದೆ ಬಂತು. ನಾಗರಹೊಳೆ ಕಾಡಿನ ಹಾಡಿಗಳಿಂದ, ಅಂದರೆ ಆದಿವಾಸಿಗಳ ಊರುಗಳಿಂದ, ಜನರನ್ನು ಎಬ್ಬಿಸಿದರು. ಜೇನು ಕೀಳಲು, ಗೆಡ್ಡೆ ಅಗೆಯಲು ಹೋದವರೂ ಕಳ್ಳರಂತೆ ಓಡಾಡಬೇಕಾಯಿತು. ಎಷ್ಟೋ ಮಂದಿ ಕೊಡಗಿನ ಕಾಫಿ ತೋಟಗಳ ಕೂಲಿಗಳ ಲೈನ್ ಮನೆ ಸೇರಿದರು. 2006ರ ಅರಣ್ಯ ಹಕ್ಕು ಕಾಯ್ದೆಯ ಪೀಠಿಕೆಯಲ್ಲೇ, ಕಾಡಿನ ಜನರಿಗೆ ಚಾರಿತ್ರಿಕ ಅನ್ಯಾಯವಾಗಿದೆ ಅಂತ ಬರೆದಿದೆ. ಸಂಸತ್ತೇ ಒಪ್ಪಿಕೊಂಡದ್ದನ್ನು ಎಂಟನೇ ಕ್ಲಾಸಿನ ಮಕ್ಕಳಿಗೆ ಹೇಳೋಕೆ ನಮಗೇನು ಮುಜುಗರ?

ಬರೀ ನೋವಿನ ಕತೆಯೂ ಬೇಡ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳು ಹಿಂದೆ ತರಗು ಬೆಂಕಿ ಹಾಕುತ್ತಿದ್ದರು. ನೆಲದ ಒಣ ಎಲೆ ಮಾತ್ರ ಸುಡುವ ಸಣ್ಣ ಬೆಂಕಿ. ಅದನ್ನು ನಿಲ್ಲಿಸಿದ ಮೇಲೆಯೇ ಲಂಟಾನ ಕಳೆ ಇಷ್ಟು ಹಬ್ಬಿದ್ದು ಅನ್ನುತ್ತಾರೆ ಅವರು. ವಿಜ್ಞಾನದ ಕ್ಲಾಸಿನಲ್ಲಿ ಒಂದಿಡೀ ಪೀರಿಯಡ್ ಚರ್ಚೆ ಮಾಡಬಹುದಾದ ವಿಷಯ ಇದು. ಅದೇ ಸೋಲಿಗರು 2011ರಲ್ಲಿ ಹುಲಿ ಮೀಸಲು ಪ್ರದೇಶದ ಒಳಗೇ ಸಮುದಾಯ ಅರಣ್ಯ ಹಕ್ಕು ಪಡೆದರು. ನಾಗರಿಕ ಹಕ್ಕಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ? ಕರಾವಳಿಯ ಶಾಲೆಗಳಲ್ಲಿ ಅಲ್ಲಿನ ಕೊರಗ ಆದಿವಾಸಿಗಳನ್ನು ಕೀಳಾಗಿ ಕಂಡು ಕೂಲಿ ಕೊಡದೆ ದುಡಿಸಿಕೊಳ್ಳುವ ಅಜಲು ಪದ್ಧತಿಯ ಬಗ್ಗೆ ಹೇಳಲಿ, ಅದನ್ನು ನಿಲ್ಲಿಸಲು 2000ದಲ್ಲಿ ಕಾನೂನೇ ತರಬೇಕಾಯಿತು ಅನ್ನೋದನ್ನೂ ಹೇಳಲಿ.

ಪಾಠ ಬರೆಯುವಾಗ ಹಾಡಿಗಳ, ಸೋಲಿಗರ ಊರುಗಳಾದ ಪೋಡುಗಳ ಓದಿದ ಯುವಕ ಯುವತಿಯರನ್ನು ಸಮಿತಿಗೆ ಸೇರಿಸಿ. ಹಿರಿಯರನ್ನು ಶಾಲೆಗೆ ಕರೆಸಿ, ಗೌರವಧನ ಕೊಟ್ಟು, ಕ್ಲಾಸ್ ತಗೊಳ್ಳಲು ಹೇಳಿ. ವೇದಿಕೆ ಮೇಲೆ ಕುಣಿಸಿ, ಶಾಲು ಹೊದಿಸಿ ಕಳಿಸುವುದು ಜಾಸ್ತಿಯಾಗಿದೆ. ಬಸ್ಸಿನಲ್ಲಿ ಮಕ್ಕಳನ್ನು ತುಂಬಿಕೊಂಡು ಹೋಗಿ ಹಾಡಿ 'ತೋರಿಸುವುದು' ಅಂತೂ ಬೇಡವೇ ಬೇಡ. ಸೊಪ್ಪಿನ ವೇಷ ನಿಲ್ಲಿಸಲು ಒಂದು ಸುತ್ತೋಲೆ ಸಾಕು. ಅದಕ್ಕೆ ದುಡ್ಡೂ ಖರ್ಚಾಗಲ್ಲ.

ಮೈಸೂರಿನ ಸರ್ಕಾರಿ, ಖಾಸಗಿ ಶಾಲೆಗಳ ಮಕ್ಕಳಿಗೂ ಟೆಂಟ್ ಶಾಲೆಯ ಮಕ್ಕಳಿಗೂ ವಾರಕ್ಕೊಂದು ದಿನ ಒಟ್ಟಿಗೆ ಕ್ಲಾಸ್ ಮಾಡಿಸಿ. ವೀರನಹೊಸಹಳ್ಳಿಯಿಂದ ದಸರಾ ಆನೆಗಳ ಗಜಪಯಣ ಹೊರಡುವ ಮೊದಲು ಆದೇಶ ಶಾಲೆಗಳಿಗೆ ತಲುಪಿದರೆ ಬರುವ ದಸರಾದಿಂದಲೇ ಶುರು ಮಾಡಬಹುದು.

ಇಂತಿ,
ಮೈಸೂರಿನ ಒಬ್ಬ ತಾಯಿ