ವಿಮಾನ ಮಾರ್ಗದ ದೂರ: ಯಾವ ಅಳತೆಯೆಂದು ತಿಳಿಸಿ

ಮಾನ್ಯ ಸಂಪಾದಕರೇ,

ವಿಮಾನಯಾನದ ಸುದ್ದಿಗಳ ಜೊತೆ ಎರಡು ನಿಲ್ದಾಣಗಳ ನಡುವಿನ ದೂರವನ್ನು ಪತ್ರಿಕೆಗಳು ಪ್ರಕಟಿಸುವುದುಂಟು. ಆದರೆ ಆ ಅಂಕಿ ಯಾವ ಅಳತೆಯದು ಎಂದು ಹೇಳುವುದು ಅಪರೂಪ; ಪಕ್ಕದ ಭೂಪಟದಲ್ಲಿ ಮಾತ್ರ ಅಡಿಕೋಲಿಟ್ಟು ಎಳೆದಂತಹ ನೇರ ಗೆರೆಯೊಂದು ಇರುತ್ತದೆ. ಗಣಿತ ಪಾಠ ಹೇಳುವ ನನಗೆ ಇದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ಆ ಗೆರೆಯನ್ನು ನಂಬಿದ ಮಕ್ಕಳು, ವಿಮಾನವೇ ಸುತ್ತು ಬಳಸಿ ಹೋಗುತ್ತದೆ ಎಂದು ತಿಳಿದುಕೊಳ್ಳುತ್ತಾರೆ.

ನ್ಯೂಯಾರ್ಕ್ ಮತ್ತು ಮ್ಯಾಡ್ರಿಡ್ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಆ ಅಕ್ಷಾಂಶವನ್ನೇ ಹಿಡಿದು ನೇರ ಪೂರ್ವಕ್ಕೆ ಹಾರಿದರೆ ದೂರ ಸುಮಾರು 5,930 ಕಿ.ಮೀ. ಆಗುತ್ತದೆ, ಮಹಾವೃತ್ತದ ದಾರಿಯಲ್ಲಿ (ಗೋಳದ ಮೇಲ್ಮೈಯಲ್ಲಿ ಎರಡು ಸ್ಥಳಗಳ ನಡುವಿನ ಅತಿ ಹತ್ತಿರದ ದಾರಿಯಲ್ಲಿ) ಸುಮಾರು 5,765 ಕಿ.ಮೀ. ಸಾಕು. ತರಗತಿಯಲ್ಲಿ ಗ್ಲೋಬಿನ ಮೇಲೆ ಈ ಎರಡು ನಗರಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ, ಅದು ತಾನಾಗಿಯೇ ಉತ್ತರಕ್ಕೆ ಜಾರಿ, ನಡುದಾರಿಯಲ್ಲಿ 46 ಡಿಗ್ರಿ ಅಕ್ಷಾಂಶವನ್ನು ದಾಟಿ ನಿಲ್ಲುತ್ತದೆ. 1569ರಲ್ಲಿ ಮರ್ಕೇಟರ್ ರಚಿಸಿದ ಭೂಪಟದ ನೇರ ಗೆರೆಯಾದರೋ ದಿಕ್ಕು ಬದಲಿಸದೆ ಹಡಗು ನಡೆಸುವವರ ಅನುಕೂಲಕ್ಕೆ ಇದ್ದದ್ದು; ಅತಿ ಹತ್ತಿರದ ದಾರಿಯನ್ನು ತೋರಿಸುವುದು ಅದರ ಕೆಲಸವಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶಗಳನ್ನು ಗೋಳದ ಮೇಲಿನ ದೂರವನ್ನು ಕೊಡುವ ಹಾವರ್ಸೈನ್ ಸೂತ್ರಕ್ಕೆ ಹಾಕಿ, ಭೂಮಿಯ ಸರಾಸರಿ ತ್ರಿಜ್ಯವನ್ನು 6,371 ಕಿ.ಮೀ. ಎಂದು ಹಿಡಿದರೆ ಉತ್ತರ ಬರುತ್ತದೆ. ಭೂಮಿ ಧ್ರುವಗಳಲ್ಲಿ ತುಸು ಚಪ್ಪಟೆಯಾಗಿರುವುದರಿಂದ ಇದರಲ್ಲಿ ಶೇ 0.5ರವರೆಗೆ ವ್ಯತ್ಯಾಸ ಬರಬಹುದು. ಜನ ಎಡವುವುದು ಬೇರೆ ಕಡೆ. 40 ಡಿಗ್ರಿ 38 ಮಿನಿಟು ಎಂಬುದನ್ನು 40.38 ಎಂದು ಬರೆದುಕೊಂಡರೆ (ಅದು 40.63 ಆಗಬೇಕು) ನಿಲ್ದಾಣವೇ ಸುಮಾರು 28 ಕಿ.ಮೀ. ದಕ್ಷಿಣಕ್ಕೆ ಸರಿದುಬಿಡುತ್ತದೆ. ಪಶ್ಚಿಮ ರೇಖಾಂಶಕ್ಕೆ ಋಣ ಚಿಹ್ನೆ ಹಾಕುವುದನ್ನು ಮರೆತರೆ ನ್ಯೂಯಾರ್ಕಿನ ನಿಲ್ದಾಣ ಕಿರ್ಗಿಸ್ತಾನದ ಬೆಟ್ಟಗಳಿಗೆ ಹೋಗಿ ಬೀಳುತ್ತದೆ. ವಿಮಾನಯಾನದಲ್ಲಿ ಬಳಸುವ ನಾಟಿಕಲ್ ಮೈಲಿ 1.852 ಕಿ.ಮೀ.; ಅದನ್ನು ಸಾಮಾನ್ಯ ಮೈಲಿಯೆಂದು ಭಾವಿಸಿ 1.609ರಿಂದ ಗುಣಿಸಿದರೆ ದೂರ ಶೇ 13ರಷ್ಟು ಕಡಿಮೆಯಾಗುತ್ತದೆ.

ಹೀಗೆ ಸಿಗುವ ದೂರ ಮತ್ತು ವಿಮಾನ ನಿಜವಾಗಿ ಹಾರುವ ದೂರ ಒಂದೇ ಅಲ್ಲ. ಗಾಳಿ, ಹವಾಮಾನ, ಮುಚ್ಚಿದ ವಾಯುಪ್ರದೇಶ, ಇಳಿಯುವ ಮುನ್ನದ ಸುತ್ತಾಟ ಇವೆಲ್ಲ ಅದನ್ನು ಹಿಗ್ಗಿಸುತ್ತವೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ವಿಮಾನಗಳು ಹೊರಬಿಡುವ ಇಂಗಾಲವನ್ನು ಲೆಕ್ಕ ಹಾಕುವ ವಿಧಾನದಲ್ಲಿ ಇದಕ್ಕಾಗಿಯೇ 550 ಕಿ.ಮೀ.ಗಿಂತ ಕಡಿಮೆಯ ಮಾರ್ಗಕ್ಕೆ 50, ಅಲ್ಲಿಂದ 5,500 ಕಿ.ಮೀ.ವರೆಗೆ 100, ಅದಕ್ಕೂ ಮೇಲ್ಪಟ್ಟರೆ 125 ಕಿ.ಮೀ. ಸೇರಿಸಲಾಗುತ್ತದೆ. ಐರೋಪ್ಯ ಒಕ್ಕೂಟದ 2004ರ ನಿಯಮವಾದರೋ ಪ್ರಯಾಣಿಕರ ಪರಿಹಾರಕ್ಕೆ ಮಹಾವೃತ್ತದ ದೂರವನ್ನೇ ಆಧಾರ ಮಾಡಿದೆ: 1,500 ಕಿ.ಮೀ.ವರೆಗಿನ ಹಾರಾಟ ರದ್ದಾದರೆ 250 ಯೂರೊ, ಅದನ್ನು ದಾಟಿ 3,500 ಕಿ.ಮೀ.ವರೆಗಿದ್ದರೆ 400. ಅಂದರೆ 1,500 ಕಿ.ಮೀ. ಗಡಿಯ ಆಚೀಚಿನ ಕೆಲವೇ ಕಿಲೋಮೀಟರು 150 ಯೂರೊಗಳ ಪ್ರಶ್ನೆಯಾಗಬಲ್ಲದು.

ಆದ್ದರಿಂದ ದೂರದ ಅಂಕಿಯ ಜೊತೆಗೆ ‘ಮಹಾವೃತ್ತದ ಅಳತೆ’ ಅಥವಾ ‘ಹಾರಿದ ದೂರ’ ಎಂಬ ಎರಡು ಪದಗಳನ್ನು ಸೇರಿಸಬೇಕೆಂದೂ, ಭೂಪಟದಲ್ಲಿ ನೇರ ಗೆರೆಯ ಬದಲು ಆ ಬಾಗಿದ ದಾರಿಯನ್ನೇ ತೋರಿಸಬೇಕೆಂದೂ ವಿನಂತಿಸುತ್ತೇನೆ.

ಇತಿ,
ಒಬ್ಬ ಗಣಿತ ಶಿಕ್ಷಕ