ಒಂಬತ್ತು ತಿಂಗಳಿಗೂ ಒಂದೇ ಪಟ್ಟಿ ಸಾಲದು

ಮಾನ್ಯ ಸಂಪಾದಕರೇ,

ಗರ್ಭಿಣಿಯರ ಆಹಾರದ ಬಗ್ಗೆ ಪತ್ರಿಕೆಗಳ ಆರೋಗ್ಯ ಪುರವಣಿಗಳಲ್ಲಿ ಬರುವ ಲೇಖನಗಳು ಬಹುಪಾಲು ಒಂದೇ ಅಚ್ಚಿನವು: ಹಾಲು, ಹಣ್ಣು, ಸೊಪ್ಪು, ಮೊಟ್ಟೆ, ಬೇಳೆಕಾಳು ತಿನ್ನಿ, ಚೆನ್ನಾಗಿ ನೀರು ಕುಡಿಯಿರಿ, ಮಾತ್ರೆ ತಪ್ಪಿಸಬೇಡಿ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಯಾವ ವಾರದಲ್ಲಿ ಏನು, ಎಷ್ಟು, ಯಾಕೆ ಎಂಬುದೇ ಇಲ್ಲದ ಪಟ್ಟಿ ಗೋಡೆಗೆ ಅಂಟಿಸಲು ಚೆನ್ನ, ಅಷ್ಟೆ. ಹೊಟ್ಟೆಯೊಳಗಿನ ಮಗು ಒಂಬತ್ತು ತಿಂಗಳೂ ಒಂದೇ ಕೆಲಸ ಮಾಡುತ್ತ ಕೂತಿರುವುದಿಲ್ಲ. ಒಂದೊಂದು ಅಂಗಕ್ಕೂ ಒಂದೊಂದು ಗಡುವಿದೆ. ಗಡುವು ದಾಟಿದ ಮೇಲೆ ಕೊಟ್ಟ ಪೋಷಕಾಂಶ ತಾಯಿಗೆ ಸೇರೀತು, ಆ ಅಂಗಕ್ಕೆ ದಕ್ಕುವುದಿಲ್ಲ.

ಮೊದಲ ಗಡುವನ್ನೇ ನೋಡಿ. ಮಿದುಳು, ಬೆನ್ನುಹುರಿ ಎರಡೂ ಆಗುವುದು ನರಕೊಳವೆಯಿಂದ. ಹಾಳೆಯಂತಿರುವ ಜೀವಕೋಶಗಳ ಪದರ ನಡುವೆ ತಗ್ಗಾಗಿ, ಎರಡೂ ಅಂಚು ಮೇಲೆದ್ದು, ಒಂದಕ್ಕೊಂದು ಕೂಡಿ ಕೊಳವೆಯಾಗುತ್ತದೆ. ಈ ಬೆಸುಗೆ ಕತ್ತಿನ ಭಾಗದಲ್ಲಿ ಶುರುವಾಗಿ ತಲೆಯ ಕಡೆಗೂ ಬುಡದ ಕಡೆಗೂ ಸಾಗುತ್ತದೆ; ಗರ್ಭ ಕಟ್ಟಿದ 28ನೇ ದಿನದ ಹೊತ್ತಿಗೆ ಎರಡೂ ತುದಿ ಮುಚ್ಚಿರಬೇಕು. ತಲೆಯ ತುದಿ ತೆರೆದೇ ಉಳಿದರೆ ಮಿದುಳು, ತಲೆಬುರುಡೆ ಬೆಳೆಯುವುದಿಲ್ಲ, ಅಂಥ ಮಗು ಉಳಿಯುವುದಿಲ್ಲ. ಬುಡದ ತುದಿ ತೆರೆದಿದ್ದರೆ ಅದೇ ಸ್ಪೈನಾ ಬೈಫಿಡಾ.

ಈಗ ಕ್ಯಾಲೆಂಡರ್ ಹಿಡಿದು ಲೆಕ್ಕ ಹಾಕೋಣ. 28 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಗರ್ಭ ಕಟ್ಟುವುದು ಸುಮಾರು 14ನೇ ದಿನ. ಮುಟ್ಟು ತಪ್ಪಿತೆಂದು ಗೊತ್ತಾಗುವಾಗ ಭ್ರೂಣಕ್ಕೆ ಆಗಲೇ ಎರಡು ವಾರ. ‘ಇನ್ನು ನಾಲ್ಕು ದಿನ ನೋಡೋಣ’ ಎಂದು ಕಾದು, ಪರೀಕ್ಷೆ ಮಾಡಿಕೊಂಡು, ವೈದ್ಯರ ಬಳಿ ಹೋಗಿ ಚೀಟಿ ಬರೆಸಿಕೊಳ್ಳುವಷ್ಟರಲ್ಲಿ ಇನ್ನೆರಡು ವಾರ ಸದ್ದಿಲ್ಲದೆ ಕಳೆದಿರುತ್ತದೆ. ಎಂಟನೇ ವಾರದಲ್ಲಿ (ವೈದ್ಯರು ವಾರ ಎಣಿಸುವುದು ಕೊನೆಯ ಮುಟ್ಟಿನಿಂದ) ನುಂಗಿದ ಮೊದಲ ಫೋಲಿಕ್ ಆಮ್ಲದ ಮಾತ್ರೆ ತಾಯಿಯ ರಕ್ತಕ್ಕೆ ಒಳ್ಳೆಯದೇ. ನರಕೊಳವೆಯ ಮಟ್ಟಿಗೆ ಅದು ಬಸ್ಸು ಹೋದ ಮೇಲೆ ಕೊಂಡ ಟಿಕೆಟ್ಟು.

ಹಾಗಾಗಿ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲವನ್ನು ಗರ್ಭಕ್ಕೆ ಪ್ರಯತ್ನಿಸುವ ಕನಿಷ್ಠ ಒಂದು ತಿಂಗಳು ಮೊದಲೇ ಶುರು ಮಾಡಿ, 12ನೇ ವಾರದವರೆಗಾದರೂ ಬಿಡದೆ ತೆಗೆದುಕೊಳ್ಳಬೇಕು. ಹಿಂದೆ ಇಂಥ ದೋಷವಿದ್ದ ಮಗು ಹುಟ್ಟಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ, ವ್ಯಾಲ್‌ಪ್ರೋಯೇಟ್‌ನಂಥ ಅಪಸ್ಮಾರದ ಔಷಧ ತೆಗೆದುಕೊಳ್ಳುತ್ತಿದ್ದರೆ ವೈದ್ಯರು ಬರೆಯುವುದು ಇದರ ಹತ್ತು ಪಟ್ಟು, ಅಂದರೆ 4ರಿಂದ 5 ಮಿಲಿಗ್ರಾಂ. 1991ರಲ್ಲಿ ಪ್ರಕಟವಾದ, 7 ದೇಶಗಳ 33 ಕೇಂದ್ರಗಳಲ್ಲಿ ನಡೆದ ಬ್ರಿಟಿಷ್ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗದಲ್ಲಿ 4 ಮಿಲಿಗ್ರಾಂ ಪ್ರಮಾಣ ಈ ದೋಷ ಮರುಕಳಿಸುವುದನ್ನು ಶೇ 72ರಷ್ಟು ತಗ್ಗಿಸಿತು. ಇಲ್ಲೊಂದು ಎಚ್ಚರಿಕೆ. ಹೆಚ್ಚಿನ ಪ್ರಮಾಣ ಬೇಕೆಂದು ಮಲ್ಟಿವಿಟಮಿನ್ ಮಾತ್ರೆಗಳನ್ನೇ ಹತ್ತು ನುಂಗುವ ಬುದ್ಧಿವಂತರಿದ್ದಾರೆ. ಅದರೊಂದಿಗೆ ‘ಎ’ ಜೀವಸತ್ವವೂ ಹತ್ತು ಪಟ್ಟು ಒಳಹೋಗುತ್ತದೆ. ರೆಟಿನಾಲ್ ರೂಪದ ‘ಎ’ ದಿನಕ್ಕೆ 10,000 ಐಯು (ಜೀವಸತ್ವ ಅಳೆಯುವ ಅಂತರರಾಷ್ಟ್ರೀಯ ಘಟಕ) ದಾಟಿದರೆ, ಅದೂ ಮೊದಲ ವಾರಗಳಲ್ಲಿ, ಮಗುವಿನ ಮುಖ, ಹೃದಯದ ರಚನೆಗೇ ಅಪಾಯ. ಆರಂಭದ ತಿಂಗಳುಗಳಲ್ಲಿ ಪ್ರಾಣಿಗಳ ಯಕೃತ್ತು ಬೇಡ ಎನ್ನುವುದೂ ಇದಕ್ಕೇ. ಸೊಪ್ಪು, ಕ್ಯಾರೆಟ್‌ನಲ್ಲಿರುವ ಬೀಟಾ ಕ್ಯಾರೊಟಿನ್‌ಗೆ ಈ ದೋಷ ಅಂಟದು; ದೇಹ ಬೇಕಾದಷ್ಟನ್ನೇ ‘ಎ’ ಆಗಿ ಪರಿವರ್ತಿಸಿಕೊಳ್ಳುತ್ತದೆ.

ಫೋಲಿಕ್ ಆಮ್ಲದ ಜೊತೆಗಾರ ಬಿ12. ಇದು ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ ಬಿಟ್ಟರೆ ಸಸ್ಯಾಹಾರದಲ್ಲಿ ಸಹಜವಾಗಿ ಸಿಗುವುದಿಲ್ಲ. ಬಿ12 ಕೊರತೆಯಿರುವವರು ಫೋಲಿಕ್ ಆಮ್ಲವನ್ನಷ್ಟೇ ತೆಗೆದುಕೊಂಡರೆ ರಕ್ತದ ವರದಿ ಸುಧಾರಿಸಿದಂತೆ ಕಾಣುತ್ತದೆ, ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಹಾಲು, ಮೊಟ್ಟೆಯನ್ನೂ ಬಿಟ್ಟವರು ಬಿ12 ಮಾತ್ರೆಯ ಬಗ್ಗೆ ಮೊದಲ ಭೇಟಿಯಲ್ಲೇ ಕೇಳಬೇಕು.

ಎರಡನೇ ಗಡುವು ಅಯೋಡಿನ್‌ನದು. ಮಗುವಿನ ಥೈರಾಯ್ಡ್ ಗ್ರಂಥಿ ಸುಮಾರು 12ನೇ ವಾರದಲ್ಲಿ ಕೆಲಸಕ್ಕೆ ತೊಡಗಿದರೂ, ಲೆಕ್ಕಕ್ಕೆ ಸಿಗುವಷ್ಟು ಹಾರ್ಮೋನ್ ತಯಾರಿಸುವುದು ಬಸುರಿನ ಅರ್ಧದಾರಿ ಸವೆದ ಮೇಲೆ. ಅಲ್ಲಿಯವರೆಗೆ ಮಿದುಳಿನ ಬೆಳವಣಿಗೆಗೆ ಬೇಕಾದ ಥೈರಾಕ್ಸಿನ್ ತಾಯಿಯಿಂದಲೇ ಬರಬೇಕು. ವಯಸ್ಕರಿಗೆ ದಿನಕ್ಕೆ 150 ಮೈಕ್ರೊಗ್ರಾಂ ಅಯೋಡಿನ್ ಸಾಕಾದರೆ, ಗರ್ಭಿಣಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 250. ಕಿಲೋಗೆ 30 ಮಿಲಿಗ್ರಾಂ ಅಯೋಡಿನ್ ಇರುವ ಉಪ್ಪನ್ನು ದಿನಕ್ಕೆ 5 ಗ್ರಾಂ ತಿಂದರೆ ಸಿಗುವುದು 150 ಮೈಕ್ರೊಗ್ರಾಂ. ಉಳಿದದ್ದು ಹಾಲು, ಮೊಟ್ಟೆ, ಮೀನಿನಿಂದಲೋ ಮಾತ್ರೆಯಿಂದಲೋ ಬರಬೇಕು. ಉಪ್ಪಿನ ಡಬ್ಬಿ ಬಾಯಿ ತೆರೆದು ಒಲೆಯ ಪಕ್ಕದಲ್ಲಿಟ್ಟರೆ ಅದೂ ಸಿಗದು: ಬಿಸಿ, ತೇವಕ್ಕೆ ಅಯೋಡಿನ್ ಹಾರುತ್ತದೆ. ಕಾಲು ಊದಿದೆಯೆಂದು ಉಪ್ಪನ್ನೇ ನಿಲ್ಲಿಸುವ ಸಲಹೆಯೂ ಬೇಡ. ಉಪ್ಪು ಬಿಟ್ಟರೆ ಗರ್ಭಿಣಿಯರ ರಕ್ತದೊತ್ತಡದ ನಂಜು (ರಕ್ತದೊತ್ತಡ ಏರಿ ಅಂಗಗಳಿಗೆ ಪೆಟ್ಟಾಗುವ ಪ್ರಿಎಕ್ಲಾಂಪ್ಸಿಯಾ) ತಪ್ಪುತ್ತದೆ ಎಂಬುದಕ್ಕೆ ಆಧಾರವಿಲ್ಲ.

‘ಇಬ್ಬರಿಗಾಗಿ ಉಣ್ಣು’ ಎಂಬ ಮಾತಿಗೆ ಬರುತ್ತೇನೆ. 12ನೇ ವಾರದಲ್ಲಿ ಆ ಎರಡನೆಯವರ ತೂಕ ಸುಮಾರು 14 ಗ್ರಾಂ. ಮೊದಲ ಮೂರು ತಿಂಗಳಲ್ಲಿ ಹೆಚ್ಚುವರಿ ಬೇಕಾಗುವುದು ದಿನಕ್ಕೆ 85 ಕ್ಯಾಲೊರಿ, ಅಂದರೆ ಒಂದು ಸಣ್ಣ ಬಾಳೆಹಣ್ಣು. ಮುಂದಿನ ಮೂರು ತಿಂಗಳಿಗೆ 285, ಕೊನೆಯ ಮೂರಕ್ಕೆ 475. ವಾಂತಿ, ವಾಕರಿಕೆಯ ದಿನಗಳಲ್ಲಿ ಊಟ ಸೇರದಿದ್ದರೆ ಮನೆಯವರು ಗಾಬರಿಯಾಗಿ ತುರುಕುವ ಅಗತ್ಯವಿಲ್ಲ. ಎರಡು ಗಂಟೆಗೊಮ್ಮೆ ಒಣ ತಿಂಡಿ ಸ್ವಲ್ಪ ಸ್ವಲ್ಪ, ನೀರು ಊಟದ ನಡುವೆ ಬೇಡ, ಆಮೇಲೆ. ಆದರೆ ಮೊದಲಿನ ತೂಕದಲ್ಲಿ ಶೇ 5ಕ್ಕಿಂತ ಹೆಚ್ಚು ಇಳಿದರೆ, ನೀರೂ ನಿಲ್ಲದಿದ್ದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಆಸ್ಪತ್ರೆಗೆ ಹೋಗಲೇಬೇಕು. ಅಲ್ಲಿಯೂ ವಾರಗಟ್ಟಲೆ ವಾಂತಿಯಾದವರಿಗೆ ಬಿ1 ಕೊಡದೆ ಗ್ಲೂಕೋಸ್ ಏರಿಸಬಾರದು. ಉಳಿದಿದ್ದ ಅಲ್ಪಸ್ವಲ್ಪ ಬಿ1 ಆ ಸಕ್ಕರೆಯನ್ನು ಉರಿಸಲು ಖರ್ಚಾಗಿ ತಾಯಿಯ ಮಿದುಳಿಗೇ ಪೆಟ್ಟಾಗಬಹುದು.

ತೂಕ ಎಷ್ಟು ಏರಬೇಕು ಎಂಬುದಕ್ಕೂ ಎಲ್ಲರಿಗೂ ಒಂದೇ ಅಂಕಿ ಇಲ್ಲ. ಗರ್ಭಕ್ಕೆ ಮೊದಲಿನ ಬಿಎಂಐ (ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ) 18.5ಕ್ಕಿಂತ ಕಡಿಮೆಯಿದ್ದವರಿಗೆ 12.5ರಿಂದ 18 ಕಿಲೋ, 18.5ರಿಂದ 24.9ರವರೆಗಿನವರಿಗೆ 11.5ರಿಂದ 16, 25ರಿಂದ 29.9ಕ್ಕೆ 7ರಿಂದ 11.5, 30 ಮತ್ತು ಮೇಲ್ಪಟ್ಟವರಿಗೆ 5ರಿಂದ 9 ಕಿಲೋ ಎಂದು ಅಮೆರಿಕದ ವೈದ್ಯಕೀಯ ಸಂಸ್ಥೆ 2009ರಲ್ಲಿ ಹೇಳಿದ ಅಳತೆ ಇಂದಿಗೂ ಬಳಕೆಯಲ್ಲಿದೆ. ಪ್ರೋಟೀನ್ ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ ಸುಮಾರು 31 ಗ್ರಾಂ ಹೆಚ್ಚು ಬೇಕು. ಅದಕ್ಕೆ ಡಬ್ಬಿಯ ಪ್ರೋಟೀನ್ ಪುಡಿಯೇ ಆಗಬೇಕೆಂಬುದು ಮಾರುವವರ ಮಾತು. ಅತಿ ಪ್ರೋಟೀನ್‌ನ ಪೂರಕಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದೇ ಇಲ್ಲ. ಅವುಗಳಿಂದ ಮಗುವಿನ ತೂಕ ಹೆಚ್ಚುವ ಬದಲು ಕುಗ್ಗಿದ ಸೂಚನೆಗಳಿವೆ.

ಕಬ್ಬಿಣದ ವಿಚಾರದಲ್ಲಿ ಎಡವಟ್ಟು ಎಲ್ಲಕ್ಕಿಂತ ಹೆಚ್ಚು. ಒಂದು ಬಸುರಿಗೆ ಒಟ್ಟು ಬೇಕಾಗುವ ಕಬ್ಬಿಣ ಸುಮಾರು 1000 ಮಿಲಿಗ್ರಾಂ. ಮಗು ಮತ್ತು ಮಾಸಿಗೆ 300, ತಾಯಿಯಲ್ಲಿ ಹೆಚ್ಚಾಗುವ ಕೆಂಪು ಕಣಗಳಿಗೆ 450ರಿಂದ 500, ಉಳಿದದ್ದು ದಿನನಿತ್ಯದ ನಷ್ಟಕ್ಕೆ. ರಕ್ತದ ನೀರಿನಂಶ ಶೇ 40ರಿಂದ 50ರಷ್ಟು ಹೆಚ್ಚಿದರೆ ಕೆಂಪು ಕಣ ಹೆಚ್ಚುವುದು ಶೇ 20ರಿಂದ 30. ಆದ್ದರಿಂದ ಹಿಮೋಗ್ಲೋಬಿನ್ 12.5 ಇದ್ದದ್ದು 11.5ಕ್ಕೆ ಇಳಿದರೆ ಅದು ಕಾಯಿಲೆಯಲ್ಲ, ರಕ್ತ ತೆಳುವಾದದ್ದು. 11ರ ಕೆಳಗೆ ಹೋದರೆ, ನಡುವಿನ ಮೂರು ತಿಂಗಳಲ್ಲಿ 10.5ರ ಕೆಳಗೆ ಹೋದರೆ, ರಕ್ತಹೀನತೆ.

ತಡೆಗೆ ಬೇಕಾದದ್ದು ದಿನಕ್ಕೆ 30ರಿಂದ 60 ಮಿಲಿಗ್ರಾಂ ಶುದ್ಧ ಕಬ್ಬಿಣ. ‘ಶುದ್ಧ’ ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ಮಾತ್ರೆಯ ಹಾಳೆಯ ಮೇಲೆ ದಪ್ಪಕ್ಷರದಲ್ಲಿರುವುದು ಸಾಮಾನ್ಯವಾಗಿ ಲವಣದ ತೂಕ. 200 ಮಿಲಿಗ್ರಾಂ ಫೆರಸ್ ಫ್ಯೂಮರೇಟ್‌ನಲ್ಲಿ ಕಬ್ಬಿಣ ಸುಮಾರು 65. 300 ಮಿಲಿಗ್ರಾಂ ಫೆರಸ್ ಗ್ಲುಕೋನೇಟ್‌ನಲ್ಲಿ ಬರೀ 35. ದೊಡ್ಡ ಅಂಕಿ ನೋಡಿ ಕೊಂಡವರಿಗೆ ಸಿಕ್ಕಿದ್ದು ಅರ್ಧ. ನುಂಗುವ ಕ್ರಮವೂ ಅಷ್ಟೇ ಮುಖ್ಯ. ಖಾಲಿ ಹೊಟ್ಟೆಯಲ್ಲಿ, ನಿಂಬೆ ಅಥವಾ ಕಿತ್ತಳೆ ರಸದ ಜೊತೆ ಒಳ್ಳೆಯದು. ಹೊಟ್ಟೆ ತೊಳಸಿದರೆ ತುಸು ತಿಂದು ನುಂಗಬಹುದು. ಹಿಂದೆ ಮುಂದೆ ಒಂದು ಗಂಟೆ ಚಹಾ, ಕಾಫಿ ಬೇಡ. ಕ್ಯಾಲ್ಸಿಯಂ ಮಾತ್ರೆ, ಎದೆಯುರಿಯ ಔಷಧದಿಂದ ಕನಿಷ್ಠ ಎರಡು ಗಂಟೆ ಅಂತರ ಇರಲಿ. ಎಲ್ಲ ಮಾತ್ರೆಗಳನ್ನೂ ರಾತ್ರಿ ಊಟದ ನಂತರ ಒಟ್ಟಿಗೆ ನುಂಗಿ ‘ಒಂದು ಕೆಲಸ ಮುಗಿಯಿತು’ ಎನ್ನುವವರಲ್ಲಿ ಕಬ್ಬಿಣ ಏರದಿರುವುದಕ್ಕೆ ಇದೇ ಕಾರಣ. ಮಲ ಕಪ್ಪಾಗುವುದು ಸಹಜ, ಅದಕ್ಕೆ ಹೆದರಿ ನಿಲ್ಲಿಸಬಾರದು. ಚಿಕಿತ್ಸೆಯ ಪ್ರಮಾಣದಲ್ಲಿ ನಾಲ್ಕು ವಾರ ನುಂಗಿಯೂ ಹಿಮೋಗ್ಲೋಬಿನ್ ಸುಮಾರು 1 ಗ್ರಾಂ ಏರದಿದ್ದರೆ ಮಾತ್ರೆ ಬದಲಿಸುತ್ತ ಕೂರುವ ಮೊದಲು ಕಾರಣ ಹುಡುಕಬೇಕು: ನಿಜವಾಗಿ ನುಂಗುತ್ತಿದ್ದಾರೆಯೇ, ಬಿ12 ಕೊರತೆಯೇ, ಕೊಕ್ಕೆಹುಳುವೇ, ವಂಶವಾಹಿಯಾಗಿ ಬರುವ ರಕ್ತದ ಕಾಯಿಲೆ ಥಲಸ್ಸೀಮಿಯಾದ ವಾಹಕರೇ.

ಇದೆಲ್ಲ ಮಗುವಿಗೆ ಯಾಕೆ? ಮಗು ತನ್ನ ಕಬ್ಬಿಣದ ಗಂಟನ್ನು ಕಟ್ಟಿಕೊಳ್ಳುವುದು ಮುಖ್ಯವಾಗಿ ಕೊನೆಯ ಮೂರು ತಿಂಗಳಲ್ಲಿ. ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ, ಹುಟ್ಟಿದ ಮೇಲೆ ನಾಲ್ಕರಿಂದ ಆರು ತಿಂಗಳು ಈ ಗಂಟಿನಿಂದಲೇ ಸಾಗಬೇಕು. ಮಿದುಳು ಅತಿ ವೇಗವಾಗಿ ಬೆಳೆಯುವ ತಿಂಗಳುಗಳೂ ಅವೇ. ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಗೆ ಕ್ಲಿಪ್ ಹಾಕದೆ ಕನಿಷ್ಠ ಒಂದು ನಿಮಿಷ ಕಾದರೆ ಮಾಸಿನಲ್ಲಿರುವ ರಕ್ತ ಮಗುವಿಗೆ ಸೇರಿ ಗಂಟು ಇನ್ನಷ್ಟು ತುಂಬುತ್ತದೆ. ಕಾಸಿಲ್ಲದ ಚಿಕಿತ್ಸೆ.

ಕ್ಯಾಲ್ಸಿಯಂ ಲೆಕ್ಕವೂ ಕೊನೆಯ ಮೂರು ತಿಂಗಳದ್ದೇ. ಹುಟ್ಟುವ ಹೊತ್ತಿಗೆ ಮಗುವಿನ ಮೂಳೆಗಳಲ್ಲಿ ಸುಮಾರು 30 ಗ್ರಾಂ ಸೇರಿರುತ್ತದೆ. ಇದನ್ನು ಮಗು ತಾಯಿಯ ಹಲ್ಲಿನಿಂದ ಕಿತ್ತುಕೊಳ್ಳುತ್ತದೆ ಎಂಬುದು ಸುಳ್ಳು. ಬಸುರಿನಲ್ಲಿ ತಾಯಿಯ ಕರುಳು ಕ್ಯಾಲ್ಸಿಯಂ ಹೀರುವುದೇ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹಲ್ಲು ಹಾಳಾಗುವುದು ವಾಂತಿಯ ಹುಳಿಯಿಂದ, ಊದಿದ ವಸಡಿನಿಂದ. ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆಯಿರುವ ಕಡೆ ಪೂರಕ ಕೊಡುವುದರಿಂದ ತಾಯಿಯ ರಕ್ತದೊತ್ತಡದ ನಂಜು ಕಡಿಮೆಯಾಗುತ್ತದೆ. ದೇಹ ಒಂದು ಸಲಕ್ಕೆ ಚೆನ್ನಾಗಿ ಹೀರುವುದು ಸುಮಾರು 500 ಮಿಲಿಗ್ರಾಂ ಮಾತ್ರ, ಹಾಗಾಗಿ ಹಂಚಿ ತೆಗೆದುಕೊಳ್ಳಬೇಕು. ಕಾರ್ಬೊನೇಟ್ ರೂಪದ್ದಾದರೆ ಊಟದ ಜೊತೆ.

ಕೊರತೆಯಷ್ಟೇ ಹೆಚ್ಚಳವೂ ಮಗುವನ್ನು ಕಾಡುತ್ತದೆ. ಗ್ಲೂಕೋಸ್ ಮಾಸನ್ನು ದಾಟುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ತಾಯಿಯ ಸಕ್ಕರೆ ಏರಿದರೆ ಮಗುವಿನ ಮೇದೋಜೀರಕ ಗ್ರಂಥಿಯೇ ಇನ್ಸುಲಿನ್ ಸುರಿಸಬೇಕು. ಆ ಇನ್ಸುಲಿನ್ ಹೆಗಲು, ಹೊಟ್ಟೆಯ ಸುತ್ತ ಕೊಬ್ಬು ಕೂಡಿಸುತ್ತದೆ. ತಲೆ ಹೊರಬಂದರೂ ಹೆಗಲು ಸಿಕ್ಕಿಕೊಳ್ಳುವ ಹೆರಿಗೆಗಳ ಹಿಂದೆ ಹಲವು ಸಲ ಇರುವುದು ಇದು. ಬಳ್ಳಿ ಕತ್ತರಿಸಿದೊಡನೆ ಸಕ್ಕರೆ ಪೂರೈಕೆ ನಿಲ್ಲುತ್ತದೆ, ಮಗುವಿನ ಇನ್ಸುಲಿನ್ ನಿಲ್ಲುವುದಿಲ್ಲ. ಮೊದಲ ಗಂಟೆಗಳಲ್ಲೇ ಸಕ್ಕರೆ ಕುಸಿಯುವ ಅಪಾಯ ಅದರಿಂದಲೇ. 24ರಿಂದ 28ನೇ ವಾರದ ನಡುವೆ 75 ಗ್ರಾಂ ಗ್ಲೂಕೋಸ್ ಪರೀಕ್ಷೆಯಲ್ಲಿ ಬರಿಹೊಟ್ಟೆಯಲ್ಲಿ 92, ಒಂದು ಗಂಟೆಗೆ 180, ಎರಡು ಗಂಟೆಗೆ 153 ಇವುಗಳಲ್ಲಿ ಯಾವುದೊಂದನ್ನು ಮುಟ್ಟಿದರೂ ಅದು ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ. ಹಾಗೆಂದು ಊಟ ಬಿಡಿಸಬಾರದು. ಪಿಷ್ಟವನ್ನು ಮೂರು ಊಟ, ಎರಡು ಮೂರು ಸಣ್ಣ ತಿಂಡಿಗಳಿಗೆ ಹಂಚಬೇಕು.

‘ತಾಯಿ ಏನೇ ತಿನ್ನಲಿ, ಮಗು ತನಗೆ ಬೇಕಾದ್ದನ್ನು ಎಳೆದುಕೊಳ್ಳುತ್ತದೆ’ ಎಂಬ ನಂಬಿಕೆ ಓದಿದವರಲ್ಲೂ ಇದೆ. ಪೂರೈಕೆ ಕಡಿಮೆಯಾದಾಗ ಮಗು ರಕ್ತವನ್ನು ಮಿದುಳಿನ ಕಡೆಗೆ ತಿರುಗಿಸಿ ಯಕೃತ್ತು, ಮೂತ್ರಪಿಂಡಗಳ ಪಾಲನ್ನು ಕಡಿತ ಮಾಡುತ್ತದೆ. ಮೂತ್ರಪಿಂಡದ ಸೋಸುವ ಘಟಕಗಳು ಹುಟ್ಟುವುದು ಸುಮಾರು 36ನೇ ವಾರದವರೆಗೆ ಮಾತ್ರ. ಕಡಿಮೆ ಸಂಖ್ಯೆಯಲ್ಲಿ ಹುಟ್ಟಿದ್ದರೆ ಜೀವನಪರ್ಯಂತ ಅಷ್ಟೇ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ ನೆದರ್ಲೆಂಡ್ಸಿನ ಪಶ್ಚಿಮ ಭಾಗದ ಜನರಿಗೆ ದಿನಕ್ಕೆ 400ರಿಂದ 800 ಕ್ಯಾಲೊರಿಯ ಪಡಿತರವಷ್ಟೇ ಸಿಗುತ್ತಿದ್ದ ತಿಂಗಳುಗಳಿದ್ದವು. ಆ ಬರ ಬಸುರಿನ ಕೊನೆಯಲ್ಲಿ ಬಡಿದವರಿಗೆ ಹುಟ್ಟಿದ ಮಕ್ಕಳ ತೂಕ ಇಳಿದಿತ್ತು. ಬಸುರಿನ ಆರಂಭದಲ್ಲಷ್ಟೇ ಬಡಿದವರ ಮಕ್ಕಳು ಸಾಮಾನ್ಯ ತೂಕದಲ್ಲೇ ಹುಟ್ಟಿದರು, ಆದರೆ ನಡುವಯಸ್ಸಿನಲ್ಲಿ ಅವರಲ್ಲಿ ಹೃದ್ರೋಗ ಹೆಚ್ಚು ಕಂಡಿತು. ಹುಟ್ಟುತೂಕ ಎರಡೂವರೆ ಕಿಲೋ ದಾಟಿತೆಂದರೆ ಎಲ್ಲ ಸರಿಯಿತ್ತು ಎಂದು ಬರೆದುಕೊಳ್ಳುವ ನಮ್ಮ ರೂಢಿಯನ್ನು ಈ ಒಂದು ಸಂಗತಿಯೇ ಪ್ರಶ್ನಿಸುತ್ತದೆ.

ಆದ್ದರಿಂದ ಸಂಪಾದಕರಲ್ಲಿ ಕೋರಿಕೆ ಇಷ್ಟು. ಮುಂದಿನ ಸಲ ಇಂಥ ಲೇಖನ ಹಾಕುವಾಗ ಆಹಾರಗಳ ಚಿತ್ರದ ಜಾಗದಲ್ಲಿ ವಾರಗಳ ಒಂದು ಕೋಷ್ಟಕ ಹಾಕಿ. ಮಾತ್ರೆಯ ಪ್ರಮಾಣ ಬರೆಯುವಲ್ಲಿ ಲವಣದ ತೂಕವೋ ಶುದ್ಧ ಕಬ್ಬಿಣದ ತೂಕವೋ ಎಂಬುದನ್ನು ಸ್ಪಷ್ಟಪಡಿಸಿ. ಫೋಲಿಕ್ ಆಮ್ಲದ ಸಾಲನ್ನು ಮಾತ್ರ ಗರ್ಭಿಣಿಯರ ಅಂಕಣದಿಂದ ತೆಗೆದು, ಇನ್ನೂ ಗರ್ಭಿಣಿಯಾಗದವರು ಓದುವ ಪುಟದಲ್ಲಿ ಹಾಕಿ.

ಇತಿ ತಮ್ಮ ವಿಶ್ವಾಸಿಗಳು,
ಪ್ರಸೂತಿ ವಿಭಾಗದ ಪೋಷಣಾ ತಜ್ಞರು